ಬೀದಿಗಿಂತ ಕೆಳಗಿಳಿದ ಜಗುಲಿ

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಮನೆಯ ಹೊಸ್ತಿಲು ನೋಡುತ್ತಾರೆ. ಹೊಸ್ತಿಲು ಬೀದಿಗಿಂತ ಮೇಲಿದ್ದರೆ ಒಳಗೆ ಬಂದು ಕೂತು ಉಪ್ಪಿಟ್ಟು ತಿನ್ನುತ್ತಾರೆ. ಕೆಳಗಿದ್ದರೆ ಬಿಸಿಲು ಜಾಸ್ತಿಯಾಯಿತೆಂದೋ ಬಸ್ಸಿಗೆ ಹೊತ್ತಾಯಿತೆಂದೋ ಹೇಳಿ ಅಲ್ಲಿಂದಲೇ ತಿರುಗುತ್ತಾರೆ. ಕೊಂಡು ತಂದು ಬಳಸದೆ ಇಟ್ಟ ಸಾಮಾನು ಎಷ್ಟಿದೆಯೋ ಅಷ್ಟು ಮನೆ ನೆಲಕ್ಕೆ ಇಳಿಯುವುದು ಇಲ್ಲಿ ಮೊದಲಿನಿಂದ ಇದ್ದದ್ದೇ. ದಿನಾ ರುಬ್ಬುವ ಒರಳುಕಲ್ಲು ಎಷ್ಟು ಭಾರವಿದ್ದರೂ ಮನೆ ಅಲುಗುವುದಿಲ್ಲ. ಡಬ್ಬಿಯಲ್ಲಿಟ್ಟು ಮರೆತ ಒಂದು ಡಜನ್ ಅಂಗಿಗುಂಡಿಗೂ ಕೂದಲೆಳೆಯಷ್ಟಾದರೂ ಇಳಿಯುತ್ತದೆ. ಬೇರೆ ಊರುಗಳ ಮರಕ್ಕೆ ಗೆದ್ದಲು ಹಿಡಿಯುವ ಹಾಗೆ ಇದೂ ಒಂದು ಅಂದುಕೊಂಡು ನಾವು ಬದುಕುತ್ತೇವೆ.

ಅಂಗಡಿಯವರು ಸಾಮಾನು ಕಟ್ಟುವ ಮೊದಲು "ಯಾವತ್ತಿಂದ ಬಳಸ್ತೀರಿ?" ಎಂದು ಕೇಳುವುದು ನಮ್ಮಲ್ಲಿ ರೂಢಿ. ಮದುವೆಗೆ ಉಡುಗೊರೆ ಕೊಡುವವರು ತಿಂಗಳು ಮೊದಲೇ ಏನಾದರೂ ನೆಪ ಮಾಡಿಕೊಂಡು ಬಂದು ಅಡುಗೆಮನೆ ಇಣುಕಿ ಹೋಗುತ್ತಾರೆ. ಮೇಸ್ತ್ರಿ ಮಾದಪ್ಪನಿಗೆ ಗೋಡೆ ಕಟ್ಟುವುದಕ್ಕಿಂತ ಇಳಿದ ಮನೆಗಳಿಗೆ ಮೆಟ್ಟಿಲು ಕಟ್ಟುವ ಕೆಲಸವೇ ಹೆಚ್ಚು. ಹಳೇ ಪೇಟೆಯಲ್ಲಿ ಕಿಟಕಿಯನ್ನೇ ಬಾಗಿಲು ಮಾಡಿಕೊಂಡ ಮನೆಗಳೂ ಇವೆ. ಅಲ್ಲಿಯವರು ಮಂಡಿ ಮಡಿಸಿ ಒಳಗೆ ಜಾರುವುದನ್ನು ನೋಡಿ ಹೊರಗಿನವರು ನಗುತ್ತಾರೆ. ನಾವು ನಗುವುದಿಲ್ಲ.

ನನ್ನ ಅತ್ತಿಗೆ ಇಂದುಮತಿ ಅಂಥ ಹೊರಗಿನವಳು. ಎರಡು ಹೊಳೆ ದಾಟಿ ಆಚೆ, ಮನೆಗಳು ಇದ್ದಲ್ಲೇ ಇರುವ ಊರಿನಿಂದ ನಮ್ಮಣ್ಣ ನಂಜುಂಡನನ್ನು ಮದುವೆಯಾಗಿ ಬಂದಳು. ನರ್ಸಿಂಗ್ ಓದಿದ್ದಳು. ಬಂದ ಮೂರೇ ತಿಂಗಳಿಗೆ ನಮ್ಮೂರ ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿತು. ಆಗ ನಮ್ಮ ಮನೆ ಬೀದಿಯಿಂದ ಮೂರು ಮೆಟ್ಟಿಲು ಮೇಲಿತ್ತು. ಅಪ್ಪ ಇದ್ದಾಗ ಇದ್ದಷ್ಟೇ ಎತ್ತರ. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾದರೂ ಅವ್ವ ಅದನ್ನು ಒಂದು ಬೆರಳೂ ಇಳಿಯಗೊಟ್ಟಿರಲಿಲ್ಲ.

ಅವ್ವನಿಗೆ ಮಂಡಿನೋವು. ದೂರ ನಡೆಯಲಾರಳು, ಮೆಟ್ಟಿಲಂತೂ ಇಬ್ಬರು ಹಿಡಿದುಕೊಂಡರೆ ಮಾತ್ರ. ಹಾಗಾಗಿ ಅವಳ ಪ್ರಪಂಚವೆಲ್ಲ ಬಾಗಿಲ ಪಕ್ಕದ ಜಗುಲಿಯೇ ಆಗಿತ್ತು. ಸಂಜೆ ನಾಲ್ಕಕ್ಕೆ ಬಂದು ಕಾಲು ನೀಡಿ ಕೂತರೆ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. ಹೋಗುವವರ ಮುಖ ನೋಡಿಯೇ "ಯಾಕೋ ರಾಚಪ್ಪ, ಹೊಟ್ಟೆ ಸರಿಯಿಲ್ವಾ?" ಅನ್ನುವಳು. "ಏನೇ ಪುಟ್ಟಲಿಂಗಿ, ಮಗಳ ಕಾಗದ ಬಂತೇನೋ, ಮುಖ ಅರಳಿದೆ" ಅನ್ನುವಳು. ಬೀದಿಯ ಜನ ಬೇಕೆಂದೇ ನಮ್ಮ ಮನೆ ಮುಂದೆ ಹಾದುಹೋಗುತ್ತಿದ್ದರು. ಅತ್ತಿಗೆ ಬಂದ ಹೊಸತರಲ್ಲಿ ಅವ್ವ ಅವಳನ್ನು ಪಕ್ಕ ಕೂರಿಸಿಕೊಂಡು ಒಬ್ಬೊಬ್ಬರ ಮುಖವನ್ನೂ ಓದಿ ಹೇಳುತ್ತಿದ್ದಳು.

ಅತ್ತಿಗೆ ದುಂದುಗಾರ್ತಿಯಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಒಡವೆ, ರೇಷ್ಮೆ ಯಾವುದನ್ನೂ ಬಯಸಿದವಳಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲಿ ಸಂಪಂಗಿ ಶೆಟ್ಟರ ಅಂಗಡಿ ಇತ್ತು. ಕೆಲವು ದಿನ ಅದನ್ನು ದಾಟಿ ಬರಲು ಅವಳಿಗೆ ಆಗುತ್ತಿರಲಿಲ್ಲ. ಒಂದು ಬೆಡ್‌ಶೀಟು, ಒಂದು ಫ್ಲಾಸ್ಕು, ಮುಚ್ಚಳವಿರುವ ಸ್ಟೀಲ್ ಡಬ್ಬಿ ಮೂರು. ಚಳಿಯೇ ಇಲ್ಲದ ನಮ್ಮೂರಿಗೆ ಸ್ವೆಟರು. ಟಾರ್ಚು. ಇನ್ನೊಂದು ಟಾರ್ಚು. ಶೆಟ್ಟರು "ಯಾವತ್ತಿಂದ ಬಳಸ್ತೀಯಮ್ಮ?" ಎಂದರೆ "ನಾಳೆಯಿಂದ" ಎನ್ನುವಳು. ನಾನು ಅಂಚೆ ಕಚೇರಿಯಲ್ಲಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಅವಳು ಕೋಣೆಯಲ್ಲಿ ಒಬ್ಬಳೇ ಕೂತು ಕಾಗದ ಬಿಡಿಸಿ, ಹೊಸ ವಸ್ತುವನ್ನು ಮೂಸಿ, ಮತ್ತೆ ಅದೇ ಕಾಗದದಲ್ಲಿ ಸುತ್ತಿಡುತ್ತಿದ್ದಳು.

ಒಮ್ಮೆ ಕೇಳಿಯೇಬಿಟ್ಟೆ. "ಅತ್ತಿಗೆ, ಟಾರ್ಚು ಏಳಾಯ್ತಲ್ಲ?"

ಅವಳು ಕೈಲಿದ್ದ ಟಾರ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿದಳು. ಆಮೇಲೆ ಹೇಳಿದಳು: "ವಾರ್ಡಲ್ಲಿ ಯಾರಾದ್ರೂ ತೀರ್ಕೊಂಡ ದಿನ ಬರಿಗೈಲಿ ಮನೆಗೆ ಬರೋಕಾಗಲ್ಲ ಕಣೆ. ಒಂದು ಹೊಸ ಸಾಮಾನು ಕೈಲಿದ್ರೆ, ನಾಳೆ ಅನ್ನೋದೊಂದು ಇದ್ದೇ ಇರುತ್ತೆ ಅನ್ಸುತ್ತೆ."

ನಾನು ಮತ್ತೆ ಕೇಳಲಿಲ್ಲ. ಅಣ್ಣನೂ ಕೇಳಲಿಲ್ಲ, ಅವ್ವನೂ ಕೇಳಲಿಲ್ಲ. ದುಡಿಯುವ ಹೆಣ್ಣು, ದಣಿದು ಬರುತ್ತಾಳೆ ಎಂದು ಎಲ್ಲರೂ ಸುಮ್ಮನಾದೆವು. ಹೀಗೆ ನಾಲ್ಕು ವರ್ಷದಲ್ಲಿ ನಮ್ಮ ಮೂರು ಮೆಟ್ಟಿಲೂ ಮಣ್ಣೊಳಗೆ ಹೋದವು. ಐದನೇ ವರ್ಷ ಹೊಸ್ತಿಲು ಬೀದಿಗೆ ಸಮವಾಯಿತು. ಆರನೆಯ ವರ್ಷಕ್ಕೆ ಮಾದಪ್ಪ ಬಂದು ಬಾಗಿಲ ಮುಂದೆ ಗುಂಡಿ ತೋಡಿ, ಮೇಲಿನಿಂದ ಕೆಳಕ್ಕೆ ಇಳಿಯುವ ಮೆಟ್ಟಿಲು ಕಟ್ಟಿದ. ಮೊದಲು ಎರಡು, ಮರುವರ್ಷ ಇನ್ನೆರಡು. ಜಗುಲಿಯೂ ಮನೆಯ ಜೊತೆ ಇಳಿಯಿತು.

ಅವ್ವ ಜಗುಲಿ ಬಿಡಲಿಲ್ಲ. ನಾಲ್ಕಕ್ಕೆ ಬಂದು ಕೂತೇ ಕೂರುತ್ತಿದ್ದಳು. ಮೊದಮೊದಲು ಜನರ ಎದೆ ಮಟ್ಟಕ್ಕೆ ಅವಳ ಕಣ್ಣಿತ್ತು. ಆಮೇಲೆ ಸೊಂಟಕ್ಕೆ ಬಂತು, ಮಂಡಿಗೆ ಬಂತು. ಕೊನೆಗೆ ಬರೀ ಪಾದಗಳು. ನಾವು ಮೂವರೂ ಅದರ ಬಗ್ಗೆ ಮಾತೆತ್ತಲು ಹೆದರುತ್ತಿದ್ದಾಗ ಅವ್ವ ಪಾದಗಳನ್ನು ಓದಲು ಕಲಿತುಬಿಟ್ಟಿದ್ದಳು. ಹಿಮ್ಮಡಿ ಒಡೆದದ್ದು ಪುಟ್ಟಲಿಂಗಿ, ಎಡಗಾಲು ಎಳೆಯುವುದು ರಾಚಪ್ಪ, ಕಾಲುಂಗುರ ಒಂದೇ ಇರುವುದು ಎದುರುಮನೆಯ ಚಿಕ್ಕತಾಯಮ್ಮ. "ಏನೋ ರಾಚಪ್ಪ, ಇವತ್ತು ಬೇಗ ಬೇಗ ಹೆಜ್ಜೆ ಹಾಕ್ತಿದೀಯ, ಯಾರು ಬಂದಿದಾರೆ ಮನೆಗೆ?" ಎಂದು ಕೆಳಗಿನಿಂದ ಕೂಗುವಳು. ಮೇಲಿಂದ ಉತ್ತರ ಬರುತ್ತಿತ್ತು. ಕೆಲವರು ಬಗ್ಗಿ ಮುಖ ತೋರಿಸಿ ಹೋಗುತ್ತಿದ್ದರು. ಬರಬರುತ್ತಾ ಬಗ್ಗುವವರು ಕಡಿಮೆಯಾದರು.

ಆ ವರ್ಷ ಅಣ್ಣ ಮೇಲೊಂದು ಅಂತಸ್ತು ಕಟ್ಟಿಸುವ ಮಾತೆತ್ತಿದ. ಇಳಿದ ಮನೆಯವರು ಮಾಡುವುದು ಅದನ್ನೇ. ಕೆಳಗಿನದನ್ನು ಸಾಮಾನಿಗೆ ಬಿಟ್ಟು ತಾವು ಮೇಲೆ ಹೋಗುವುದು. ಮಾದಪ್ಪ ಬಂದು ಅಳತೆಯನ್ನೂ ತೆಗೆದುಕೊಂಡ. ಮೇಲೆ ಹೋದರೆ ಅವ್ವನಿಗೆ ಜಗುಲಿಯೂ ಇಲ್ಲ, ಪಾದಗಳೂ ಇಲ್ಲ ಎಂದು ನನಗೆ ಹೊಳೆದಿತ್ತು. ಅವ್ವ ಮಾತ್ರ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಅಂದಳು.

ಆಮೇಲೆ ಒಂದು ಸಂಜೆ ಅತ್ತಿಗೆ ಆಸ್ಪತ್ರೆಯಿಂದ ಬಂದು ಮೆಟ್ಟಿಲ ತುದಿಯಲ್ಲಿ ನಿಂತಳು. ಕೈಯಲ್ಲಿ ಪೊಟ್ಟಣವಿತ್ತು. ಒಳಗೆ ಇಳಿಯುವ ಮೊದಲು ಅದನ್ನು ಸೆರಗಿನೊಳಗೆ ಸೇರಿಸುತ್ತಿದ್ದಳಂತೆ. ಕೆಳಗಿನಿಂದ ಅವ್ವನ ದನಿ ಬಂತು.

"ಯಾರಮ್ಮ ಅದು? ಗೊತ್ತಾಗ್ಲಿಲ್ಲ."

ಅತ್ತಿಗೆ ತಮಾಷೆಯೆಂದುಕೊಂಡು ಸುಮ್ಮನೆ ನಿಂತಳು.

"ಹೊಸ ಚಪ್ಪಲಿ ಹಾಕಿದೀಯ. ಈ ಬೀದಿಯವಳಲ್ಲ ನೀನು. ಯಾರನ್ನ ಹುಡುಕ್ತಿದೀಯ? ಬಾ, ಇಳಿದು ಬಂದು ಒಂದ್ಗಳಿಗೆ ಕೂತ್ಕೊ. ನಮ್ಮ ಸೊಸೆ ಬರೋ ಹೊತ್ತಾಯ್ತು, ಅವಳು ಕಾಫಿ ಮಾಡಿಕೊಡ್ತಾಳೆ. ಪಾಪ, ಆಸ್ಪತ್ರೇಲಿ ಸತ್ತು ಸುಣ್ಣವಾಗಿ ಬರ್ತಾಳೆ. ಆದ್ರೂ ಬಂದೋರಿಗೆ ಇಲ್ಲ ಅನ್ನಲ್ಲ."

ಬೀದಿಯ ಪಾದಗಳನ್ನೆಲ್ಲ ಬಲ್ಲ ಅವ್ವನಿಗೆ ತನ್ನ ಸೊಸೆಯ ಪಾದ ಗೊತ್ತಿರಲಿಲ್ಲ. ತಿಂಗಳಿಗೊಂದು ಹೊಸ ಜೊತೆ ಕೊಳ್ಳುತ್ತಿದ್ದವಳನ್ನು ಅವಳು ಹೇಗೆ ತಾನೇ ಗುರುತಿಟ್ಟುಕೊಳ್ಳಬೇಕು? ಅತ್ತಿಗೆ ಚಪ್ಪಲಿ ಕಳಚಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ನಾಲ್ಕು ಮೆಟ್ಟಿಲು ಇಳಿದು ಅವ್ವನ ಕಾಲ ಬಳಿ ಕೂತಳು. ನಾನು ಬಂದಾಗ ಅವ್ವ ಅವಳ ತಲೆ ನೇವರಿಸುತ್ತಾ "ಮೊಬ್ಬು ಕಣ್ಣು ಕಣೇ ಇದು, ಅದಕ್ಕೆ ಯಾಕೆ ಅಳ್ತೀಯ?" ಎನ್ನುತ್ತಿದ್ದಳು.

ಮರುದಿನ ಅತ್ತಿಗೆ ರಜೆ ಹಾಕಿ ಕೋಣೆಯ ಸಾಮಾನೆಲ್ಲ ಹೊರಗೆಳೆದಳು. ಒಟ್ಟಾಗಿ ನೋಡಿದ್ದು ಅವಳೂ ಅದೇ ಮೊದಲು. ನಡುಮನೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಅಣ್ಣನಿಗೆ "ಮಾದಪ್ಪನಿಗೆ ಬರಬೇಡ ಅಂತ ಹೇಳಿ" ಎಂದಳು. ಅಷ್ಟೇ ಹೇಳಿದ್ದು.

ಆದರೆ ನಮ್ಮೂರಲ್ಲಿ ಕೊಳ್ಳುವುದು ಸುಲಭ, ಕೊಟ್ಟು ಕಳೆದುಕೊಳ್ಳುವುದು ಕಷ್ಟ. ಪಡೆದವರು ಬಳಸದಿದ್ದರೆ ಅವರ ಮನೆ ಇಳಿಯುತ್ತದೆ. ಎಸೆದರೆ ಎಸೆದವರ ಮನೆಯೇ ಇಳಿಯುತ್ತದೆ. ಅತ್ತಿಗೆ ಮೊದಲ ದಿನ ಒಂದು ಹೊಸ ಇಡ್ಲಿ ಪಾತ್ರೆ ಹಿಡಿದು ಚಿಕ್ಕತಾಯಮ್ಮನ ಮನೆಗೆ ಹೋದಳು.

"ಏನವ್ವ, ನಿಮ್ಮನೆ ಇಳಿದಿದ್ದು ಸಾಲ್ದು ಅಂತ ನಮ್ಮನೇನೂ ಇಳಿಸೋಕೆ ಬಂದ್ಯಾ?" ಎಂದು ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಕರೆಯಲಿಲ್ಲ.

ಅತ್ತಿಗೆಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ವಾರ್ಡಿನಲ್ಲಿ ಮಾತ್ರೆ ಉಗಿಯುವ ರೋಗಿಗಳನ್ನು ಕಂಡವಳು, ಅಷ್ಟಕ್ಕೇ ಬಿಡುವವಳಲ್ಲ. ಮಾರನೆಯ ವಾರದಿಂದ ಕೇಳುವ ಬಗೆ ಬದಲಿಸಿದಳು. ಕೈಯಲ್ಲಿ ಏನೂ ಹಿಡಿಯದೆ ಹೋಗಿ "ನಿಮ್ಮನೇಲಿ ಏನು ಹಳೇದಾಗಿದೆ?" ಎಂದು ವಿಚಾರಿಸಿದಳು. ಆಗ ಬಾಗಿಲುಗಳು ತೆರೆದವು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಮರಿಸ್ವಾಮಿಯ ಫ್ಲಾಸ್ಕು ಸೋರುತ್ತಿತ್ತು. ಹೊಲದಲ್ಲಿ ಹಾವಿನ ಕಾಟವಿದ್ದ ಮೂರು ಮನೆಗೆ ಟಾರ್ಚು ಹೋದವು. ಸ್ವೆಟರುಗಳಿಗಾಗಿ ಅವಳು ಗುಡ್ಡದ ಮೇಲಿನ, ಚಳಿ ಬೀಳುವ ಹಾಡಿಯ ಗುಡಿಸಲುಗಳವರೆಗೆ ನಡೆದಳು. ಎರಡು ಭಾನುವಾರ ಹಿಡಿಯಿತು. ಒಂದು ಡಬ್ಬಿ ತೆಗೆದುಕೊಳ್ಳಲು ಪುಟ್ಟಲಿಂಗಿ ಅರ್ಧ ದಿನ ಯೋಚಿಸಿದಳು. ತನ್ನ ಹಳೇ ಡಬ್ಬಿಯ ತಳ ಪೂರ್ತಿ ತೂತಾಗುವ ತನಕ ಕಾಯಬೇಕೆಂದಳು. ಕಾದೆವು.

ಎಲ್ಲಕ್ಕಿಂತ ಕಷ್ಟವಾದದ್ದು ಬೆಡ್‌ಶೀಟು. ಅವುಗಳಲ್ಲಿ ತಿಳಿಹಳದಿ ಬಣ್ಣದ, ಅಂಚಿನಲ್ಲಿ ತಾವರೆ ಬಳ್ಳಿ ಇರುವ ಒಂದನ್ನು ಅತ್ತಿಗೆ ತುಂಬಾ ಪ್ರೀತಿಯಿಂದ ಇಟ್ಟುಕೊಂಡಿದ್ದಳು. ಒಳ್ಳೆಯ ದಿನ ಬಂದಾಗ ಹಾಸುವುದಕ್ಕೆಂದು. ಕೊಂಡ ನಾಲ್ಕು ವರ್ಷದಲ್ಲಿ ಅಂಥ ದಿನ ಬಂದಿರಲಿಲ್ಲ. ಕುಂಬಾರಗೇರಿಯ ಸಾಕವ್ವನ ಸೊಸೆಗೆ ಅವಳಿ ಮಕ್ಕಳಾಗಿದ್ದವು. ಬಟ್ಟೆ ಸಾಲುತ್ತಿಲ್ಲ ಎಂದು ಗೊತ್ತಾಗಿ ಅದನ್ನೇ ಹಿಡಿದು ನನ್ನ ಜೊತೆ ಹೊರಟಳು. ಸಾಕವ್ವ ಅದನ್ನು ಬಿಡಿಸಿ ನೋಡಿ, "ಮೆತ್ತಗಿದೆ" ಎಂದು, ಹಲ್ಲಿನಿಂದ ಅಂಚು ಕಚ್ಚಿ ಪರ್ರನೆ ಸೀಳಿದಳು. ತಾವರೆ ಬಳ್ಳಿ ಎರಡಾಯಿತು, ನಾಲ್ಕಾಯಿತು, ಎಂಟು ಪುಟ್ಟ ಚೌಕವಾಯಿತು. ಅತ್ತಿಗೆ ಕಂಬ ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಒಂದು ಕೂಸು ಅದರಲ್ಲೊಂದನ್ನು ಒದ್ದೆ ಮಾಡಿಯೂ ಆಯಿತು. ಎಲ್ಲರೂ ನಕ್ಕರು. ಮನೆ ಹತ್ತಿರ ಬಂದಾಗ "ಅದನ್ನ ಹಾಸಿದ್ರೆ ಯಾವತ್ತು ಬೇಕಾದ್ರೂ ಒಳ್ಳೇ ದಿನ ಆಗ್ತಿತ್ತು ಅಲ್ವೇನೇ?" ಅಂದಳು. ಆ ವಾರ ಮನೆ ಎರಡು ಬೆರಳು ಮೇಲೆದ್ದಿತ್ತು.

ಹೊರಗೆ ಹೋಗುವುದು ಒಂದು ಕಡೆಯಾದರೆ ಒಳಗೆ ಬರದಂತೆ ತಡೆಯುವುದು ಇನ್ನೊಂದು. ಅತ್ತಿಗೆ ಶೆಟ್ಟರ ಅಂಗಡಿ ಇರುವ ದಾರಿ ಬಿಟ್ಟು ಸುತ್ತುಬಳಸಿ ಬರತೊಡಗಿದಳು. ಹೋಗಲೇಬೇಕಾದರೆ ಹೊಟ್ಟೆ ತುಂಬ ತಿಂದು, ಚೀಟಿ ಬರೆದುಕೊಂಡು, ಎರಡು ತೆಂಗಿನಕಾಯಿ ಮಾತ್ರ ಹಿಡಿಯುವ ಚೀಲ ತೆಗೆದುಕೊಂಡು ಹೋಗುವಳು. ಚೀಟಿಯಲ್ಲಿ ಇದ್ದದ್ದು ಸಿಕ್ಕ ಕೂಡಲೇ ಕತ್ತು ತಿರುಗಿಸದೆ ಹೊರಗೆ. ಹಾಗೆ ಐದು ತಿಂಗಳು ನಡೆಯಿತು. ಆರನೆಯ ತಿಂಗಳು ವಾರ್ಡಿನಲ್ಲಿ ಒಬ್ಬ ಮುದುಕ ತೀರಿಕೊಂಡ. ಮೂರು ವಾರ ಅವಳ ಕೈಯಲ್ಲೇ ಗಂಜಿ ಕುಡಿದಿದ್ದವನು, ನೋಡಲು ಯಾರೂ ಬರದವನು. ಅವತ್ತು ಸುತ್ತಿನ ದಾರಿ ಮರೆತುಹೋಯಿತು. ಎಚ್ಚರಾದಾಗ ಅತ್ತಿಗೆ ಶೆಟ್ಟರ ಅಂಗಡಿಯೊಳಗೆ ನಿಂತಿದ್ದಳು. ಕೈಯಲ್ಲಿ ನೀಲಿ ಗೆರೆಯ ಗಾಜಿನ ಲೋಟವಿತ್ತು. ಆರರ ಸೆಟ್ಟು. ಬೆಳಕಿಗೆ ಹಿಡಿದರೆ ಗೆರೆ ನೀರಿನ ಹಾಗೆ ಅಲುಗುತ್ತಿತ್ತು.

ಎದೆಯಲ್ಲಿ ಹಳೇ ಬಿಸುಪು ಏರಿ ಬಂತು ಎಂದು ಆಮೇಲೆ ಅವಳೇ ಹೇಳಿದಳು. ಬಂದವರಿಗೆ ಪಾನಕ ಕೊಡಬಹುದು, ಅಣ್ಣನ ಗೆಳೆಯರು ಬಂದರೆ ಮಜ್ಜಿಗೆ ಕೊಡಬಹುದು, ಒಂದು ಒಡೆದರೆ ಐದಿರುತ್ತದಲ್ಲ, ಹೀಗೆ ಲೋಟಗಳೇ ಕಿವಿಯಲ್ಲಿ ಮಾತಾಡುತ್ತಿದ್ದವಂತೆ. ಶೆಟ್ಟರು ಕಾಗದ ಹರಡಿ ಎಂದಿನಂತೆ ಕೇಳಿದರು. "ಯಾವತ್ತಿಂದ ಬಳಸ್ತೀಯಮ್ಮ?"

ನಾಳೆಯಿಂದ ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆ ಮಾತು.

"ಶೆಟ್ರೇ, ಇವತ್ತು ಒಬ್ರು ತೀರ್ಕೊಂಡ್ರು."

ಶೆಟ್ಟರು ಲೋಟವನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಕಪಾಟಿನಲ್ಲಿಟ್ಟರು. ಒಂದು ಸ್ಟೂಲು ಎಳೆದು ಅವಳ ಮುಂದಿಟ್ಟರು. "ಯಾರಮ್ಮ? ಎಷ್ಟು ವಯಸ್ಸು?" ಎಂದರು. ಅತ್ತಿಗೆ ಹೇಳಿದಳು. ಮುದುಕನಿಗೆ ಗಂಜಿಗೆ ಉಪ್ಪು ಜಾಸ್ತಿ ಬೇಕಿತ್ತು, ಡಾಕ್ಟರು ಬೇಡವೆಂದಿದ್ದರು, ಕೊನೆಯ ಎರಡು ದಿನ ಅವಳೇ ಕದ್ದು ಹಾಕಿಕೊಟ್ಟಳು, ಅವನು ಚಪ್ಪರಿಸಿ ನಕ್ಕ ಎಂದೆಲ್ಲ ಹೇಳಿದಳು. ಗಿರಾಕಿಗಳು ಬಂದರು, ಶೆಟ್ಟರು ಕೈಸನ್ನೆಯಲ್ಲೇ ಕಾಯಿಸಿದರು. ಕಾಯುತ್ತಿದ್ದವರೂ ಕೇಳಿಸಿಕೊಂಡರು. ಕಣ್ಣೊರೆಸಿಕೊಂಡು ಎದ್ದಾಗ ಶೆಟ್ಟರು "ಲೋಟ ಎತ್ತಿಡ್ಲಾ? ನಾಲ್ಕು ದಿನ ಬಿಟ್ಟು ಬೇಕು ಅನ್ಸಿದ್ರೆ ಬಾ" ಎಂದರು. ಅವಳು ತಲೆಯಾಡಿಸಿ ಬರಿಗೈಲಿ ಮನೆಗೆ ಬಂದಳು. ನಾಲ್ಕು ದಿನದಲ್ಲಿ ಎರಡು ದಿನ ಆ ಲೋಟಗಳು ಬಹಳ ಕಾಡಿದವಂತೆ. ಮೂರನೆಯ ದಿನ ಸ್ವಲ್ಪ. ನಾಲ್ಕನೆಯ ದಿನ ಮರೆತೇಹೋಯಿತು. ಇನ್ಯಾರೋ ಕೊಂಡುಹೋದರೆಂದು ತಿಂಗಳ ಮೇಲೆ ಗೊತ್ತಾಯಿತು.

ಅದಾದ ಮೇಲೆ ಒಂದೇ ಒಂದು ಸಲವೂ ತಪ್ಪಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಹೇರ್‌ಪಿನ್ನಿನ ಪೊಟ್ಟಣ ಬಂತು, ಒಮ್ಮೆ ಕಾಲೊರಸು. ಆದರೆ ವಾರ್ಡಿನಲ್ಲಿ ಏನಾದರೂ ಆದ ದಿನ ಅವಳು ನೇರ ಜಗುಲಿಗೆ ಬಂದು ಅವ್ವನ ಪಕ್ಕ ಕೂತು ಸತ್ತವರ ವಿಷಯ ಹೇಳುವುದು ಅಭ್ಯಾಸವಾಯಿತು. ಅವ್ವ ಅವರ ಹೆಸರು, ಊರು, ಮಕ್ಕಳೆಷ್ಟು ಎಂದು ಕೇಳುವಳು. ಮನೆ ಬೆರಳು ಬೆರಳಾಗಿ ಏಳುತ್ತಾ ಹೋಯಿತು. ಮಾದಪ್ಪ ಕಟ್ಟಿದ ಮೆಟ್ಟಿಲುಗಳನ್ನು ಒಂದೊಂದಾಗಿ ಅವನಿಂದಲೇ ಒಡೆಸಿದೆವು. ಎರಡೂವರೆ ವರ್ಷದ ಮೇಲೆ ಹೊಸ್ತಿಲು ಬೀದಿಯ ಸಮಕ್ಕೆ ಬಂದು ನಿಂತಿತು.

ಹಳೇ ಮೂರು ಮೆಟ್ಟಿಲು ಇನ್ನೂ ಮಣ್ಣೊಳಗೇ ಇದ್ದವು. ಆದರೆ ಅವ್ವನಿಗೆ ಅದೇ ಒಳ್ಳೆಯದಾಯಿತು. ಹತ್ತುವುದಿಲ್ಲ, ಇಳಿಯುವುದಿಲ್ಲ, ಹೊಸ್ತಿಲು ದಾಟಿದರೆ ಬೀದಿ. ಒಂದು ಶುಕ್ರವಾರ ಅತ್ತಿಗೆ ಅವಳ ತೋಳು ಹಿಡಿದು "ಪೇಟೆ ತೋರಿಸ್ಕೊಂಡು ಬರ್ತೀನಿ ನಡಿ ಅತ್ತೆ" ಎಂದಳು. ನಾನೂ ಜೊತೆಗಿದ್ದೆ. ಅವ್ವ ಪೇಟೆ ನೋಡಿ ಹನ್ನೊಂದು ವರ್ಷವಾಗಿತ್ತು. ಎಲ್ಲ ಅಂಗಡಿಯ ಮುಂದೆಯೂ ನಿಂತಳು. ಕೊಡೆ ಬಿಚ್ಚಿ ನೋಡಿದಳು, ಸೀರೆಯ ಅಂಚು ಉಜ್ಜಿ ನೋಡಿದಳು, ಬೆಲ್ಲ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. "ಚೆನ್ನಾಗಿದೆ, ಚೆನ್ನಾಗಿದೆ" ಎಂದು ಅಲ್ಲೇ ಇಟ್ಟು ಮುಂದೆ ಹೋದಳು. ಅತ್ತಿಗೆ ಬೆರಗಾಗಿ ನೋಡುತ್ತಿದ್ದಳು.

ಜೈನಬಿಯ ಬಳೆ ಅಂಗಡಿಯ ಮುಂದೆ ಮಾತ್ರ ಅವ್ವ "ಚೆನ್ನಾಗಿದೆ" ಎನ್ನಲಿಲ್ಲ. ಗಿಣಿಹಸಿರು ಗಾಜಿನ ಬಳೆಗಳ ಮೇಲೆ ಬೆರಳಾಡಿಸಿದಳು. ಕೈ ಹಿಂದಕ್ಕೆ ಎಳೆದುಕೊಂಡಳು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು. ಅಪ್ಪ ಹೋದ ದಿನ ತೆಗೆದ ಬಳೆ ಮತ್ತೆ ಆ ಕೈಗೆ ಏರಿರಲಿಲ್ಲ. ಏರಬಾರದೆಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅತ್ತಿಗೆ ಅದನ್ನು ನೋಡಿದಳು. "ಅತ್ತೆ, ತಗೊಳ್ಳೋಣ" ಎಂದಳು.

"ನಿಂಗೇನಾಯ್ತೇ?" ಅವ್ವನ ದನಿ ಒರಟಾಯಿತು. "ಇಷ್ಟು ಕಷ್ಟಪಟ್ಟು ಮನೆ ಎತ್ತಿದೀಯ. ನಾನು ತಗೊಂಡು ಏನ್ ಮಾಡ್ಲಿ? ಪೆಟ್ಟಿಗೇಲಿಟ್ರೆ ಮನೆ ಇಳಿಯುತ್ತೆ."

"ಪೆಟ್ಟಿಗೇಲಿಟ್ರೆ ಇಳಿಯುತ್ತೆ. ತೊಟ್ರೆ ಇಳಿಯಲ್ಲ."

ಅವ್ವ ಸೊಸೆಯ ಮುಖ ನೋಡಿದಳು. ಬಹಳ ಹೊತ್ತು ಓದಿದಳು. ಬೇರೆ ಊರಾಗಿದ್ದರೆ ಗುಟ್ಟಾಗಿ ಕೊಂಡು, ದಿಂಬಿನಡಿ ಇಟ್ಟುಕೊಂಡು, ಯಾರೂ ಇಲ್ಲದಾಗ ತೆಗೆದು ನೋಡಬಹುದಿತ್ತು. ನಮ್ಮೂರಲ್ಲಿ ಅಂಥ ಅನುಕೂಲವಿಲ್ಲ. ಕೊಂಡರೆ ತೊಡಬೇಕು, ಹಗಲಲ್ಲಿ, ಎಲ್ಲರೆದುರು, ಒಡೆದುಹೋಗುವ ತನಕ.

ಜೈನಬಿ ಏನೂ ಕೇಳಲಿಲ್ಲ. ಯಾರಿಗೆ ಎಂದೂ ಕೇಳಲಿಲ್ಲ, ಯಾವತ್ತಿಂದ ಎಂದೂ ಕೇಳಲಿಲ್ಲ. ಚಾಪೆ ತಟ್ಟಿ ಕೂರಿಸಿದಳು. ಅವ್ವ ಬಲಗೈ ಚಾಚಿದಳು. ಗಂಟುಕಟ್ಟಿದ ಬೆರಳುಗಳನ್ನು ಜೈನಬಿ ಒಂದೊಂದಾಗಿ ಒತ್ತಿ ಮೆತ್ತಗೆ ಮಾಡಿ, ಎಣ್ಣೆ ಸವರಿ, ಮೊದಲನೆಯ ಬಳೆ ಏರಿಸಿದಳು. ಅದು ಬೆರಳ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಅವ್ವ ಕಣ್ಣು ಮುಚ್ಚಿದಳು. ಬಳೆ ಜಾರಿ ಮಣಿಕಟ್ಟಿಗೆ ಬಿತ್ತು. ಆಮೇಲಿನವು ಸುಲಭವಾಗಿ ಬಂದವು, ಆ ಕೈಗೆ ಆರು, ಈ ಕೈಗೆ ಆರು.

ನಾವು ಬೀದಿಗೆ ಬರುವ ಹೊತ್ತಿಗೆ ಚಿಕ್ಕತಾಯಮ್ಮ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಸದ್ದು ಕೇಳಿ ತಲೆಯೆತ್ತಿದಳು. ಅವಳ ಕಣ್ಣು ಅವ್ವನ ಕೈಗೆ ಹೋಯಿತು, ಅಲ್ಲಿಂದ ಅತ್ತಿಗೆಗೆ, ನನಗೆ, ಮತ್ತೆ ಅವ್ವನ ಕೈಗೆ.

"ಏನಕ್ಕ ಇದು?" ಎಂದಳು. "ಈ ವಯಸ್ಸಲ್ಲಿ?"

ಅತ್ತಿಗೆಯ ಹಿಡಿತ ಅವ್ವನ ತೋಳಿನ ಮೇಲೆ ಬಿಗಿಯಾದದ್ದು ನನಗೆ ಕಂಡಿತು. ಏನೋ ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಅವ್ವ ತೋಳು ಬಿಡಿಸಿಕೊಂಡಳು. ಎರಡೂ ಕೈ ಮುಂದೆ ಚಾಚಿ, ಬಳೆಗಳನ್ನು ತಾನೂ ಮೊದಲ ಸಲ ಬಿಸಿಲಲ್ಲಿ ನೋಡುವವಳಂತೆ ನೋಡಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ಏನ್ ಮಾಡೋದು ಚಿಕ್ಕತಾಯಿ, ಸೊಸೆ ಕೊಂಡುಬಿಟ್ಲು. ತೊಡದೆ ಹೋದ್ರೆ ಮನೆ ಇಳಿಯುತ್ತೆ."

ಚಿಕ್ಕತಾಯಮ್ಮ ಮೊರ ಪಕ್ಕಕ್ಕಿಟ್ಟು, ಎದ್ದು ಬಂದು, ಅವ್ವನ ಕೈ ಹಿಡಿದು ತಿರುಗಿಸಿ ನೋಡಿದಳು. "ಹಸಿರು ಒಪ್ಪುತ್ತೆ ನಿಂಗೆ" ಅಂದಳು.